ಎಲ್ಕ್ ಬೇಟೆಗೆ .30-06 ಇದೆ, ಗುಂಡು ಯಾವುದು ತಗೊಳ್ಳಲಿ?

ಕಾಫಿಹೂ_ಅರೋರಾ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಕೊಲರಾಡೋದ ಮೂರನೇ ರೈಫಲ್ ಸೀಸನ್‌ಗೆ ಹೆಣ್ಣು ಎಲ್ಕ್ (ಇಲ್ಲಿನ ದೊಡ್ಡ ಜಿಂಕೆ ಜಾತಿ) ಹೊಡೆಯಲು ಟ್ಯಾಗ್, ಅಂದರೆ ಪರವಾನಗಿ, ಸಿಕ್ಕಿದೆ. ನವೆಂಬರ್‌ನಲ್ಲಿ ಹೋಗಬೇಕು. ಜಾಗ ಮೀಕರ್ ಊರಿನ ಪೂರ್ವಕ್ಕೆ, ವೈಟ್ ರಿವರ್ ನ್ಯಾಷನಲ್ ಫಾರೆಸ್ಟ್ ಕಡೆ. ಹಂಟರ್ ಎಜುಕೇಶನ್ ಮುಗಿದಿದೆ, ಕಿತ್ತಳೆ ಬಣ್ಣದ ವೆಸ್ಟು, ಟೋಪಿ ಎಲ್ಲ ತಂದಾಯಿತು. ಗುಂಡಿನ ವಿಷಯದಲ್ಲಿ ಮಾತ್ರ ತಲೆ ಕೆಟ್ಟು ಹೋಗಿದೆ.

ನಾನು ವಿರಾಜಪೇಟೆ ಕಡೆಯವನು. ಕೋವಿ ಹಿಡಿಯುವುದು ಹೊಸದಲ್ಲ. ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿ ಹೊಡೆಯುತ್ತಾ ಬೆಳೆದವನು. ಆದರೆ ಮನೆಯಲ್ಲಿ ಇದ್ದದ್ದು 12 ಬೋರಿನ ಜೋಡಿನಳಿಗೆ. ಅದಕ್ಕೆ ಚರೆಯ ತೋಟೆ, ಇಲ್ಲವೇ ದಪ್ಪ ಚರೆಯ ಎಲ್‌ಜಿ. ಅದಕ್ಕಿಂತ ಜಾಸ್ತಿ ಯೋಚನೆ ಬೇಕಿರಲಿಲ್ಲ. ಊರಲ್ಲಿ ಬೇಟೆ ಕಾನೂನಿಗೆ ವಿರುದ್ಧ, ಹಾಗಾಗಿ ಪ್ರಾಣಿಯ ಮೇಲೆ ನಾನು ಗುಂಡು ಹಾರಿಸಿದವನೇ ಅಲ್ಲ. ಇದೇ ಮೊದಲು.

ಈಗ ಕೈಯಲ್ಲಿರುವುದು ಸೆಕೆಂಡ್‌ಹ್ಯಾಂಡ್ ರೆಮಿಂಗ್ಟನ್ 700 ರೈಫಲ್, .30-06 ತೋಟೆಯದ್ದು, 22 ಇಂಚಿನ ನಳಿಗೆ. ಅಂಗಡಿಗೆ ಹೋದರೆ ಒಂದು ಗೋಡೆ ತುಂಬ ಡಬ್ಬಿಗಳು. ಕೋರ್-ಲಾಕ್ಟ್ 180 ಗ್ರೇನ್ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ), ಫ್ಯೂಷನ್ 180, ನೋಸ್ಲರ್ ಪಾರ್ಟಿಷನ್, ಹಾರ್ನಡಿಯ 178 ಗ್ರೇನ್ ಇಎಲ್‌ಡಿ-ಎಕ್ಸ್, ಬಾರ್ನ್ಸ್ ಕಂಪನಿಯ ತಾಮ್ರದ್ದು 168. ಎಲ್ಲದರ ಮೇಲೂ ಎಲ್ಕ್ ಚಿತ್ರ ಇದೆ. ಬೆಲೆ ನೋಡಿದರೆ ಕೆಲವು ಇನ್ನೊಂದರ ಎರಡರಷ್ಟು. ಅಂಗಡಿಯವರು ಒಂದು ಹೇಳುತ್ತಾರೆ, ಆಫೀಸಿನ ಗೆಳೆಯ ಇನ್ನೊಂದು ಹೇಳುತ್ತಾನೆ. ಅಭ್ಯಾಸಕ್ಕೆ ಅಂತ ತಂದ ಪೂರ್ತಿ ಕವಚದ (ಮೂತಿಯವರೆಗೂ ಲೋಹ ಮುಚ್ಚಿದ) ಅಗ್ಗದ ಗುಂಡು ಮನೆಯಲ್ಲಿ ಬೇಕಾದಷ್ಟಿದೆ. ಅದು ಯಾಕೆ ಆಗುವುದಿಲ್ಲ ಅಂತಲೂ ಯಾರಾದರೂ ಹೇಳಿ.

ಪ್ರಾಣಿ ನರಳಬಾರದು. ಮಾಂಸ ಮನೆಗೆ ಬರಬೇಕು, ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ಇಷ್ಟೇ ನನಗೆ ಬೇಕಿರುವುದು.

ಡಲ್ಲಾಸ್_ಮಂಜು

ಗುರು, ಸುಮ್ನೆ ಒಂದು .300 ವಿನ್ ಮ್ಯಾಗ್ ತಗೊಳ್ಳಿ, .30-06ಗಿಂತ ಜೋರಿನ ಮ್ಯಾಗ್ನಮ್ ರೈಫಲ್. ಎಲ್ಕ್ ದೊಡ್ಡ ಪ್ರಾಣಿ. ಇಲ್ಲಿ ಟೆಕ್ಸಾಸ್‌ನ ಜಿಂಕೆಗೆ ನಾನು .308 ಬಳಸುತ್ತೇನೆ, ಅದು ಸಾಕು. ಎಲ್ಕ್ ಅಂದರೆ ಅದರ ಮೂರು ನಾಲ್ಕು ಪಟ್ಟು ತೂಕ. ಶಕ್ತಿ ಜಾಸ್ತಿ ಇದ್ದರೆ ಏಟು ನಾಲ್ಕು ಇಂಚು ಆಚೀಚೆ ಆದರೂ ಬೀಳುತ್ತದೆ. 180 ಗ್ರೇನ್ ಯಾವುದಾದರೂ ಹಾಕಿ, ನಡೆಯುತ್ತದೆ.

ಬಿಟರ್‌ರೂಟ್_ಮೂಡಿಗೆರೆ

ಮಂಜು ಅವರೇ, ನಿಮ್ಮ ಕಾಳಜಿ ಒಳ್ಳೆಯದೇ. ಆದರೆ ಕೊನೆಯ ಎರಡು ಮಾತು ನಾನು ಒಪ್ಪುವುದಿಲ್ಲ. ಕಾಫಿಹೂ ಅವರೇ, ರೈಫಲ್ ಬದಲಾಯಿಸಬೇಡಿ. ನಾನು ಮೊಂಟಾನಾದ ಬಿಟರ್‌ರೂಟ್ ಕಣಿವೆಯಲ್ಲಿದ್ದೇನೆ. ನಮ್ಮ ಮನೆಯ ಫ್ರೀಜರ್ ತುಂಬುವುದು ಎಲ್ಕ್ ಮಾಂಸದಿಂದಲೇ, ಅದೂ .30-06 ರೈಫಲ್‌ನಿಂದ. ಈ ಕಾಟ್ರಿಜ್ (ತೋಟೆ) ಬಂದದ್ದು 1906ರಲ್ಲಿ. ಅಂದಿನಿಂದ ಇಂದಿನವರೆಗೆ ಎಲ್ಕ್‌ನ ಮೂಳೆಯೇನೂ ದಪ್ಪ ಆಗಿಲ್ಲ.

ಮ್ಯಾಗ್ನಮ್‌ನಿಂದ ಬರುವ ತೊಂದರೆ ಹೆಗಲಿಗೆ ಗೊತ್ತು. .300 ವಿನ್ ಮ್ಯಾಗ್ ಒದೆಯುವುದು .30-06ಗಿಂತ ಜೋರು. ಹೊಸಬರು ನಾಲ್ಕು ಸಲ ಹೊಡೆಯುವಷ್ಟರಲ್ಲಿ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಲು ಶುರು ಮಾಡುತ್ತಾರೆ. ಆಮೇಲೆ ರೇಂಜ್‌ಗೆ ಹೋಗುವುದೇ ಕಡಿಮೆ ಆಗುತ್ತದೆ. ಏಟು ಹೊಟ್ಟೆಗೆ ಬಿತ್ತು ಅಂದರೆ ಯಾವ ಮ್ಯಾಗ್ನಮ್ಮೂ ಕಾಪಾಡುವುದಿಲ್ಲ. ಆ ಎಲ್ಕ್ ಮೈಲಿಗಟ್ಟಲೆ ನಡೆದು ಯಾವುದೋ ಕಣಿವೆಯಲ್ಲಿ ಮಲಗುತ್ತದೆ. ಅದನ್ನು ಹುಡುಕುವ ಕೆಲಸ ಯಾರಿಗೂ ಬೇಡ.

ಈಗ ಗುಂಡಿಗೆ ಬರೋಣ. ಡಬ್ಬಿಯ ಮೇಲಿನ ಗ್ರೇನ್ ಸಂಖ್ಯೆಯನ್ನು ಸ್ವಲ್ಪ ಪಕ್ಕಕ್ಕಿಡಿ. ಗುಂಡು ಚರ್ಮಕ್ಕೆ ತಾಗಿದ ಕ್ಷಣದಿಂದ ಶ್ವಾಸಕೋಶ ದಾಟುವವರೆಗೆ ಏನೇನು ಎದುರಾಗುತ್ತದೆ ಅಂತ ಯೋಚಿಸಿ. ಎಲ್ಕ್ ಪೂರ್ತಿ ಅಡ್ಡ ನಿಂತಿದೆ, ನೀವು ಮುಂಗಾಲಿನ ಹಿಂದೆ ಹೊಡೆದಿರಿ. ಆಗ ಚರ್ಮ, ಒಂದು ಪಕ್ಕೆಲುಬು, ಶ್ವಾಸಕೋಶ. ಈ ಏಟಿಗೆ ಆ ಗೋಡೆಯ ಮೇಲಿನ ಯಾವ ಬೇಟೆ ಗುಂಡಾದರೂ ಸಾಕು. ಆದರೆ ಎಲ್ಕ್ ಹಾಗೆ ನಿಲ್ಲುವುದು ಅಪರೂಪ. ಸ್ವಲ್ಪ ನಿಮ್ಮ ಕಡೆ ತಿರುಗಿದ್ದರೆ ಮೊದಲು ಸಿಗುವುದು ಭುಜದ ಮೂಳೆ, ಅದರ ಮೇಲೆ ದಪ್ಪ ಸ್ನಾಯು. ಅತ್ತ ತಿರುಗಿದ್ದರೆ ಪಕ್ಕೆಯ ಹಿಂಭಾಗದಿಂದ ಒಳಹೊಕ್ಕು, ಹುಲ್ಲು ತುಂಬಿದ ಹೊಟ್ಟೆಯ ಅಂಚನ್ನು ದಾಟಿ ಎದೆಗೆ ಹೋಗಬೇಕು. ಹೆಣ್ಣು ಎಲ್ಕ್ ಅಂದರೂ ಸುಮಾರು 225 ಕೆ.ಜಿ. ಇರುತ್ತದೆ, ದೊಡ್ಡ ಗಂಡು 300 ದಾಟುತ್ತದೆ. ಟೆಕ್ಸಾಸ್ ಜಿಂಕೆಯ ಅನುಭವ ಇಲ್ಲಿ ಪೂರ್ತಿ ಕೆಲಸಕ್ಕೆ ಬರುವುದಿಲ್ಲ. ನೀವು ಯಾವ ಕೋನದವರೆಗೆ ಹೊಡೆಯುತ್ತೀರಿ ಅಂತ ಮೊದಲು ತೀರ್ಮಾನಿಸಿ. ಅದರಲ್ಲಿ ಅತಿ ಕಷ್ಟದ ಕೋನಕ್ಕೂ ಆಗಿ ಬರುವ ಗುಂಡು ತಗೊಳ್ಳಿ. ನನ್ನ ಮಟ್ಟಿಗೆ ಆಯ್ಕೆ ಮಾಡುವ ದಾರಿ ಇದೊಂದೇ.

ಗುಂಡು ಸೋಲುವುದು ಎರಡು ರೀತಿ. ಒಂದು, ಅರಳದೇ, ಅಂದರೆ ತಾಗಿದಾಗ ಮೂತಿ ಅಗಲವಾಗದೇ, ಸೂಜಿಯಂತೆ ತೂರಿ ಹೋಗುವುದು. ನಿಮ್ಮ ಮನೆಯಲ್ಲಿರುವ ಪೂರ್ತಿ ಕವಚದ ಗುಂಡು ಮಾಡುವುದು ಇದನ್ನೇ. ಸಣ್ಣ ತೂತು, ಒಳಗೆ ಕಡಿಮೆ ಹಾನಿ, ಪ್ರಾಣಿ ಓಡಿಹೋಗಿ ಗಂಟೆಗಳ ನಂತರ ಸಾಯುತ್ತದೆ. ಅದಕ್ಕೇ ಕೊಲರಾಡೋ ನಿಯಮದಲ್ಲಿ ದೊಡ್ಡ ಪ್ರಾಣಿಗಳಿಗೆ ಅರಳುವ ಗುಂಡು ಕಡ್ಡಾಯ. ಎಲ್ಕ್‌ಗೆ ಕನಿಷ್ಠ .24 ಕ್ಯಾಲಿಬರ್, 85 ಗ್ರೇನ್, 100 ಗಜದಲ್ಲಿ 1000 ಅಡಿ-ಪೌಂಡ್ ಶಕ್ತಿ ಇರಬೇಕು. ಯುದ್ಧದಲ್ಲಿ ನಿಯಮ ಇದಕ್ಕೆ ತಿರುಗಾಮುರುಗಾ. ಕಲ್ಕತ್ತೆಯ ಪಕ್ಕದ ದಮ್‌ದಮ್ ಕಾರ್ಖಾನೆಯಲ್ಲಿ ಬ್ರಿಟಿಷರು .303 ರೈಫಲ್‌ಗೆ ಮೂತಿಯಲ್ಲಿ ಕವಚ ಇಲ್ಲದ ಗುಂಡು ಮಾಡಿದ್ದರು. 1899ರಲ್ಲಿ ಹೇಗ್‌ನಲ್ಲಿ ಸೇರಿದ ದೇಶಗಳು ಅಂಥ ಗುಂಡನ್ನು ಯುದ್ಧದಿಂದ ದೂರ ಇಡಬೇಕು ಅಂದವು. ಮನುಷ್ಯನಿಗೆ ಆಗುವ ಗಾಯ ಅಷ್ಟು ಭೀಕರ ಅನ್ನುವುದು ಅಲ್ಲಿನ ವಾದ. ಬೇಟೆಯಲ್ಲಿ ನಮಗೆ ಬೇಕಿರುವುದು ಬೇಗ ಮುಗಿಯುವ ಸಾವು. ಆದ್ದರಿಂದ ಅದೇ ಗುಣ ಇಲ್ಲಿ ಕಡ್ಡಾಯ.

ಸೋಲುವ ಎರಡನೇ ರೀತಿ, ಬೇಗ ಒಡೆದು ಚೂರಾಗುವುದು. ಹೊರಗೆ ದೊಡ್ಡ ಗಾಯ ಕಾಣುತ್ತದೆ. ಆದರೆ ಒಳಗೆ ಎದೆಯವರೆಗೆ ಏನೂ ಮುಟ್ಟಿರುವುದಿಲ್ಲ. ನೋಸ್ಲರ್ ಕಂಪನಿ ಕಟ್ಟಿದ ಜಾನ್ ನೋಸ್ಲರ್ ಅವರಿಗೆ 1946ರಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ ಆದದ್ದು ಇದೇ. ಕೆಸರು ಮೆತ್ತಿಕೊಂಡ ಮೂಸ್‌ಗೆ (ಜಿಂಕೆ ಕುಲದ ಅತಿ ದೊಡ್ಡ ಪ್ರಾಣಿ) .300 ಎಚ್ ಆಂಡ್ ಎಚ್ ಮ್ಯಾಗ್ನಮ್‌ನಿಂದ ಹೊಡೆದರೂ ಗುಂಡು ಒಳಗೆ ಇಳಿಯಲಿಲ್ಲ. ಮಂಜು ಅವರೇ, ಇದನ್ನು ಗಮನಿಸಿ. ಶಕ್ತಿಗೆ ಕೊರತೆ ಇರಲಿಲ್ಲ, ಗುಂಡು ಆ ವೇಗವನ್ನು ತಡೆದುಕೊಳ್ಳಲಿಲ್ಲ. ಅವರು ಮನೆಗೆ ಬಂದು ಗುಂಡಿನ ಮಧ್ಯೆ ತಾಮ್ರದ ಒಂದು ಅಡ್ಡಗೋಡೆ ಇಟ್ಟರು. ಮುಂದಿನ ಅರ್ಧ ಅರಳಿ ಹರಿದು ಹೋದರೂ ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ಒಳಗೆ ನುಗ್ಗುತ್ತದೆ. ಅದೇ ಪಾರ್ಟಿಷನ್. 1948ರಿಂದ ಮಾರಾಟದಲ್ಲಿದೆ.

ನೀವು ಹೇಳಿದ ಡಬ್ಬಿಗಳನ್ನು ಈ ಕಣ್ಣಿನಿಂದ ನೋಡಿ. ಕೋರ್-ಲಾಕ್ಟ್ ಸಾಧಾರಣ ಗುಂಡು, ಸೀಸದ ಮೇಲೆ ತಾಮ್ರದ ಕವಚ. 1939ರಿಂದ ಇದೆ. .30-06 ವೇಗಕ್ಕೆ 180 ಗ್ರೇನ್‌ನಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನನ್ನ ಪಕ್ಕದ ಮನೆಯ ಮುದುಕರು ಬೇರೇನೂ ಬಳಸಿಲ್ಲ. ಭುಜದ ಮೂಳೆಗೆ ಹತ್ತಿರದಿಂದ ಹೊಡೆದರೆ ಮಾತ್ರ ಅದರ ತೂಕ ಜಾಸ್ತಿ ಉದುರಿ ಹೋಗಬಹುದು. ಫ್ಯೂಷನ್‌ನಲ್ಲಿ ಕವಚ ಮತ್ತು ಸೀಸ ಒಂದಕ್ಕೊಂದು ಬೆಸೆದುಕೊಂಡಿವೆ. ಅರಳುತ್ತದೆ, ಆದರೆ ಸುಲಭವಾಗಿ ಬಿಟ್ಟುಕೊಳ್ಳುವುದಿಲ್ಲ. ಈ ಜಾತಿಯನ್ನು ಬಾಂಡೆಡ್ ಅನ್ನುತ್ತಾರೆ. ನೋಸ್ಲರ್ ಆಕ್ಯುಬಾಂಡ್, ಸ್ವಿಫ್ಟ್ ಎ-ಫ್ರೇಮ್ ಕೂಡ ಬೆಸೆದವೇ. ಬಾರ್ನ್ಸ್ ಗುಂಡಿನಲ್ಲಿ ಸೀಸವೇ ಇಲ್ಲ. ಪೂರ್ತಿ ತಾಮ್ರ, ಮೂತಿಯಲ್ಲಿ ಒಂದು ಕುಳಿ. ತಾಗಿದಾಗ ನಾಲ್ಕು ದಳವಾಗಿ ಬಿಚ್ಚಿಕೊಳ್ಳುತ್ತದೆ, ತೂಕ ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ. ಇನ್ನು ಇಎಲ್‌ಡಿ-ಎಕ್ಸ್. ಅದನ್ನು ಮಾಡಿರುವುದು ದೂರದ ಏಟನ್ನೂ ಮನಸ್ಸಿನಲ್ಲಿಟ್ಟು. ಗಾಳಿಯನ್ನು ಚೆನ್ನಾಗಿ ಸೀಳುತ್ತದೆ, ವೇಗ ಇಳಿದ ಮೇಲೂ ಅರಳುತ್ತದೆ. ಬೇಗ ಅರಳುವ ಗುಂಡು 40 ಗಜದಲ್ಲಿ ಭುಜದ ಮೂಳೆಗೆ ಬಿದ್ದರೆ ನನಗೆ ಧೈರ್ಯ ಸಾಲದು.

ಇಲ್ಲಿ ವೇಗದ ಲೆಕ್ಕ ಮುಖ್ಯ. ನಳಿಗೆ ಬಿಟ್ಟಾಗ ಇರುವ ವೇಗ ಅಲ್ಲ, ಪ್ರಾಣಿಗೆ ತಾಗುವಾಗ ಇರುವ ವೇಗ. ನಿಮ್ಮ ರೈಫಲ್‌ನಿಂದ 180 ಗ್ರೇನ್ ಸುಮಾರು ಸೆಕೆಂಡಿಗೆ 2700 ಅಡಿ ವೇಗದಲ್ಲಿ ಹೊರಡುತ್ತದೆ. 168ರ ತಾಮ್ರದ್ದು 2800 ಆಸುಪಾಸು, ಅದು 300 ಗಜದಲ್ಲೂ 2200ರ ಹತ್ತಿರ ಇರುತ್ತದೆ. ತಾಮ್ರದ ಗುಂಡಿಗೆ ತಾಗುವ ವೇಗ 2000ಕ್ಕಿಂತ ಕೆಳಗೆ ಇಳಿಯದ ಹಾಗೆ ನಾನು ನೋಡಿಕೊಳ್ಳುತ್ತೇನೆ. ವೇಗ ತೀರಾ ಇಳಿದರೆ ಅದು ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ನಿಮ್ಮ ದೂರಕ್ಕೆ ಆ ಭಯ ಇಲ್ಲ. ಮೀಕರ್ ಕಡೆ ಒಂದೇ ಬೆಳಗ್ಗೆ ದಟ್ಟ ಸ್ಪ್ರೂಸ್ ಮರಗಳ ಮಧ್ಯೆ 40 ಗಜಕ್ಕೂ ಸಿಗಬಹುದು, ಬಯಲಿನ ಎದುರು ದಿಬ್ಬದಲ್ಲಿ 300 ಗಜಕ್ಕೂ ಸಿಗಬಹುದು. ಎರಡಕ್ಕೂ ಒಂದೇ ಗುಂಡು ಬೇಕು. ಹಾಗಾಗಿ ನನ್ನ ಆಯ್ಕೆ ಗಟ್ಟಿ ಕಟ್ಟಿನ ಗುಂಡು. ಪಾರ್ಟಿಷನ್ 180, ಇಲ್ಲವೇ ಬಾಂಡೆಡ್ 180, ಇಲ್ಲವೇ ತಾಮ್ರದ 168.

ತಾಮ್ರದಲ್ಲಿ ತೂಕ ಯಾಕೆ ಕಡಿಮೆ ಅಂತ ಕೇಳಬಹುದು. ತಾಮ್ರ ಸೀಸಕ್ಕಿಂತ ಹಗುರ. ಅಷ್ಟೇ ತೂಕ ಬೇಕು ಅಂದರೆ ಗುಂಡು ಉದ್ದ ಆಗುತ್ತದೆ. ತೂಕ ಉದುರುವುದೇ ಇಲ್ಲ ಅಂದಮೇಲೆ ಒಂದು ಹೆಜ್ಜೆ ಹಗುರ ತಗೊಂಡರೆ ನಷ್ಟ ಇಲ್ಲ. 180 ಗ್ರೇನ್‌ನಲ್ಲಿ ಹೊರಟು ಅರ್ಧ ಉದುರಿಸಿಕೊಂಡ ಗುಂಡಿಗಿಂತ 168ರಲ್ಲಿ ಹೊರಟು 165 ಉಳಿಸಿಕೊಂಡದ್ದು ಒಳಗೆ ಆಳಕ್ಕೆ ಹೋಗುತ್ತದೆ.

ಸ್ಯಾಕ್ರಮೆಂಟೊ_ಶೈಲಾ

ಬಿಟರ್‌ರೂಟ್ ಸರ್ ಬರೆದದ್ದು ಪೂರ್ತಿ ಒಪ್ಪುತ್ತೇನೆ. ಆದರೆ ಕಾಫಿಹೂ ಅವರ ಪ್ರಶ್ನೆಯ ಕೊನೆಯ ಸಾಲು ಯಾರೂ ಎತ್ತಿಕೊಂಡಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ ಅಂದಿದ್ದಾರೆ ಅಲ್ವಾ?

ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಯಾವ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. ನಾನು ಕಾಡುಹಂದಿಗೂ ಮ್ಯೂಲ್ ಡೀರ್ ಜಿಂಕೆಗೂ ತಾಮ್ರವನ್ನೇ ಬಳಸುತ್ತೇನೆ. ಮೊದಮೊದಲು ಇಲ್ಲಿ ಎಲ್ಲರೂ ಗೊಣಗಿದರು. ಬೆಲೆ ಜಾಸ್ತಿ, ಸಿಗುವುದು ಕಷ್ಟ ಅಂತ. ಈಗ ಯಾರೂ ಆ ಮಾತು ಆಡುವುದಿಲ್ಲ.

ಸೀಸದ ಗುಂಡು ವೇಗವಾಗಿ ತಾಗಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಮಾಂಸದೊಳಗೆ ಚೆಲ್ಲುತ್ತವೆ. ಗಾಯದ ತೂತಿನಿಂದ ಗೇಣುದ್ದ ದೂರದಲ್ಲೂ ಎಕ್ಸ್‌ರೇಯಲ್ಲಿ ಬಿಳಿ ಚುಕ್ಕೆಗಳಾಗಿ ಕಾಣುತ್ತವೆ. 2008ರಲ್ಲಿ ಉತ್ತರ ಡಕೋಟಾದಲ್ಲಿ ಬಡವರಿಗೆ ಹಂಚಲು ಬೇಟೆಗಾರರು ಕೊಟ್ಟ ಜಿಂಕೆ ಮಾಂಸವನ್ನು ಪರೀಕ್ಷೆ ಮಾಡಿದಾಗ ಸೀಸದ ಚೂರು ಸಿಕ್ಕಿತು. ಅದನ್ನು ಹಂಚಬೇಡಿ ಅಂತ ಅಲ್ಲಿನ ಆರೋಗ್ಯ ಇಲಾಖೆ ಹೇಳಬೇಕಾಯಿತು. ದೊಡ್ಡವರಿಗಿಂತ ಮಕ್ಕಳ ಮೈಗೆ ಸೀಸ ಬೇಗ ಸೇರುತ್ತದೆ, ಬೆಳೆಯುವ ಮೆದುಳಿಗೆ ಅದು ಒಳ್ಳೆಯದಲ್ಲ. ಬಸುರಿಯರಿಗೂ ಅಷ್ಟೇ. ಕೀಮಾ ಮಾಡಿದರೆ ಇನ್ನೂ ಕಷ್ಟ, ಒಂದು ಕಡೆ ಇದ್ದ ಚೂರು ಇಡೀ ಪಾತ್ರೆಗೆ ಬೆರೆಯುತ್ತದೆ.

ಹಕ್ಕಿಗಳ ಕಥೆಯೂ ಇದೆ. ಬೇಟೆಗಾರರು ಕಾಡಿನಲ್ಲೇ ಬಿಟ್ಟು ಬರುವ ಕರುಳು ಹೊಟ್ಟೆಯನ್ನು ಕ್ಯಾಲಿಫೋರ್ನಿಯಾ ಕಾಂಡೋರ್ ಅನ್ನುವ ದೊಡ್ಡ ರಣಹದ್ದು ತಿನ್ನುತ್ತದೆ. ಜೊತೆಗೆ ಸೀಸವನ್ನೂ ನುಂಗುತ್ತದೆ. 1980ರ ದಶಕದಲ್ಲಿ ಇಡೀ ಜಗತ್ತಿನಲ್ಲಿ ಉಳಿದದ್ದು 22 ಕ್ಯಾಲಿಫೋರ್ನಿಯಾ ಕಾಂಡೋರ್. 1987ರಲ್ಲಿ ಕಾಡಿನಲ್ಲಿದ್ದ ಕೊನೆಯದನ್ನೂ ಹಿಡಿದು, ಪಂಜರದಲ್ಲಿ ಮರಿ ಮಾಡಿಸಿ, ಮತ್ತೆ ಬಿಟ್ಟರು. ಈಗ ನೂರಾರು ಆಗಿವೆ, ಆದರೂ ಕಾಡಿನಲ್ಲಿ ಅವುಗಳ ಸಾವಿಗೆ ಮೊದಲ ಕಾರಣ ಸೀಸವೇ. ನಾನು ರಾಮನಗರದವಳು. ನಮ್ಮ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳು ಕಾಣೆಯಾಗುತ್ತಾ ಬಂದದ್ದನ್ನು ನೋಡಿ ಬೆಳೆದಿದ್ದೇನೆ. ನಮ್ಮ ದೇಶದಲ್ಲಿ ರಣಹದ್ದುಗಳನ್ನು ಮುಗಿಸಿದ್ದು ದನಕ್ಕೆ ಕೊಡುವ ಡೈಕ್ಲೊಫೆನಾಕ್. ಇಲ್ಲಿ ಸೀಸ. ಕೊಲರಾಡೋದಲ್ಲಿ ಹದ್ದು, ಕಾಗೆ, ಗಿಡುಗ ಎಲ್ಲವೂ ಆ ಕರುಳಿನ ಗುಡ್ಡೆಗೆ ಬರುತ್ತವೆ.

ಕೊಲರಾಡೋದಲ್ಲಿ ಸೀಸದ ಗುಂಡಿಗೆ ಕಾನೂನಿನ ಅಡ್ಡಿ ಇಲ್ಲ, ತೀರ್ಮಾನ ನಿಮ್ಮದು. ಸೀಸದ್ದೇ ಬಳಸಿದರೆ ಗಾಯದ ಸುತ್ತ ಧಾರಾಳವಾಗಿ ಕತ್ತರಿಸಿ ಬಿಸಾಡಿ. ರಕ್ತ ಹೆಪ್ಪುಗಟ್ಟಿದ ಒಂದು ತುಂಡನ್ನೂ ಉಳಿಸಬೇಡಿ. ತಾಮ್ರ ಬಳಸಿದರೆ ಆ ಯೋಚನೆಯೇ ಇಲ್ಲ, ಮಾಂಸವೂ ಕಡಿಮೆ ಹಾಳಾಗುತ್ತದೆ.

ಕಾಫಿಹೂ_ಅರೋರಾ

ಸರ್, ಮೇಡಂ, ಇಬ್ಬರಿಗೂ ತುಂಬ ಥ್ಯಾಂಕ್ಸ್. ಸೀಸದ ವಿಷಯ ನನಗೆ ಗೊತ್ತೇ ಇರಲಿಲ್ಲ. ಹೆಂಡತಿಗೆ ಓದಿ ಹೇಳಿದೆ. ತಾಮ್ರ ಬಿಟ್ಟು ಬೇರೆ ಮನೆಗೆ ತರಬೇಡಿ ಅಂದಳು.

ಇನ್ನೆರಡು ಪ್ರಶ್ನೆ. ಮೊದಲನೆಯದು, ತಾಮ್ರದ ಗುಂಡು ಪ್ರಾಣಿಯನ್ನು ಬೇಗ ಬೀಳಿಸುವುದಿಲ್ಲ, ತೂರಿ ಹೋಗುತ್ತದೆ ಅಂತ ಗೆಳೆಯ ಹೇಳುತ್ತಾನೆ. ನಿಜವಾ? ಎರಡನೆಯದು, ಹೆಂಡತಿಯೂ ಮುಂದಿನ ವರ್ಷ ಬರುತ್ತಾಳಂತೆ. ಅವಳಿಗೆ .30-06 ಒದೆತ ಜಾಸ್ತಿ ಅನ್ನಿಸುತ್ತಿದೆ. ಒದೆತ ಕಡಿಮೆ ಇರುವ 6.5 ಕ್ರೀಡ್‌ಮೂರ್ ಎಲ್ಕ್‌ಗೆ ಸಾಕಾ? ನೆಟ್‌ನಲ್ಲಿ ಇದರ ಬಗ್ಗೆ ಜಗಳವೇ ಜಗಳ.

ಯೋನ್‌ಶೋಪಿಂಗ್_ಗಿರೀಶ

ಎರಡನೇ ಪ್ರಶ್ನೆಗೆ ಸ್ವೀಡನ್‌ನಿಂದ ಉತ್ತರ ಕೊಡುತ್ತೇನೆ. ಇಲ್ಲಿ ನಾವು ಬೇಟೆಯಾಡುವುದು ಮೂಸ್. ಎಲ್ಕ್‌ಗಿಂತಲೂ ದೊಡ್ಡದು. ನಮ್ಮ ಬೇಟೆ ತಂಡದಲ್ಲಿ ಈಗಲೂ ಹಿರಿಯರ ಕೈಯಲ್ಲಿ ಇರುವುದು 6.5x55. 1890ರ ದಶಕದಲ್ಲಿ ಸ್ವೀಡನ್ ಸೈನ್ಯಕ್ಕೆ ಬಂದ ಕಾಟ್ರಿಜ್ ಅದು. 6.5 ಕ್ರೀಡ್‌ಮೂರ್ ಬಂದದ್ದು 2007ರಲ್ಲಿ. ಎರಡರ ಗುಂಡಿನ ವ್ಯಾಸ ಒಂದೇ, ಶಕ್ತಿಯೂ ಹತ್ತಿರ ಹತ್ತಿರ ಅಷ್ಟೇ.

ಆದರೆ ಇಲ್ಲಿ ಅದಕ್ಕೆ ಹಾಕುವ ಗುಂಡು ಬೇರೆ. ಸ್ವೀಡನ್ ನಿಯಮದ ಪ್ರಕಾರ ಮೂಸ್‌ಗೆ ಗುಂಡು 10 ಗ್ರಾಂ ಅಥವಾ ಮೇಲಿದ್ದರೆ 100 ಮೀಟರ್‌ನಲ್ಲಿ ಕನಿಷ್ಠ 2000 ಜೂಲ್ ಬೇಕು. 9 ರಿಂದ 10 ಗ್ರಾಂ ಇದ್ದರೆ 2700 ಜೂಲ್ ಬೇಕು. ಅಂದರೆ ಗುಂಡು ಭಾರ ಇದ್ದರೆ ಶಕ್ತಿಯ ನಿಯಮ ಸಡಿಲ. ಯಾಕೆಂದರೆ ಉದ್ದನೆಯ ಭಾರದ ಗುಂಡು ನಿಧಾನವಾಗಿ ಹೋದರೂ ಆಳಕ್ಕೆ ಇಳಿಯುತ್ತದೆ. ಹಾಗಾಗಿ 6.5x55 ಇರುವವರು 156 ಗ್ರೇನ್ ಹಾಕುತ್ತಾರೆ, ಅದು 10.1 ಗ್ರಾಂ. ನಾರ್ಮಾ ಒರಿಕ್ಸ್ ಅಂತ ಬಾಂಡೆಡ್ ಗುಂಡು ಇದೆ, ತುಂಬ ಜನ ಅದನ್ನೇ ಬಳಸುತ್ತಾರೆ. ನಾವು ಹೊಡೆಯುವುದು ಹೆಚ್ಚಾಗಿ 100 ಮೀಟರ್ ಒಳಗೆ, ಕಾಡಿನ ಅಂಚಿನಲ್ಲಿ. 300 ಗಜಕ್ಕೆ ಯಾರೂ ಕೈ ಹಾಕುವುದಿಲ್ಲ.

ನಿಮ್ಮ ಮನೆಯವರಿಗೆ 6.5 ಸಾಕು. ಗಟ್ಟಿ ಗುಂಡು ಇರಲಿ, ದೂರ 200 ಗಜದ ಒಳಗಿರಲಿ, ಕೋನ ಸರಿ ಇಲ್ಲದಿದ್ದರೆ ಹೊಡೆಯುವುದು ಬೇಡ. ಒದೆತಕ್ಕೆ ಹೆದರದೆ ಹೊಡೆಯುವವರ 6.5, ಹೆದರಿ ಹೊಡೆಯುವವರ .300ಗಿಂತ ಮೇಲು.

ಇನ್ನೊಂದು ಮಾತು. ಇಲ್ಲಿ ಮೂಸ್ ಬೇಟೆಗೆ ಹೋಗುವಾಗ, ಗಾಯಗೊಂಡ ಪ್ರಾಣಿಯ ಜಾಡು ಹಿಡಿಯುವ ನಾಯಿ ಎರಡು ಗಂಟೆಯೊಳಗೆ ಸ್ಥಳಕ್ಕೆ ಬರುವ ಹಾಗೆ ವ್ಯವಸ್ಥೆ ಇರಲೇಬೇಕು. ಅದು ಕಾನೂನು. ಏಟು ಚೆನ್ನಾಗಿಯೇ ಬಿದ್ದಿದೆ ಅನ್ನಿಸಿದರೂ ಪ್ರಾಣಿ ಕಣ್ಮುಂದೆ ಬೀಳದಿದ್ದರೆ ನಾಯಿ ಕರೆಸುತ್ತೇವೆ. ನನಗೆ ಈ ದೇಶದ ಬೇಟೆಯಲ್ಲಿ ಅತಿ ಇಷ್ಟವಾದ ನಿಯಮ ಇದು.

ಡಲ್ಲಾಸ್_ಮಂಜು

ಗಿರೀಶ್ ಸರ್, ಬಿಟರ್‌ರೂಟ್ ಸರ್, ಗುಂಡಿನ ಕಟ್ಟಿನ ಬಗ್ಗೆ ಹೇಳಿದ್ದು ಒಪ್ಪಿದೆ. ಆದರೂ ಬಯಲಿನಲ್ಲಿ 400 ಗಜಕ್ಕೆ ಹೊಡೆಯುವವರಿಗೆ .300 ಉಪಯೋಗಕ್ಕೆ ಬರುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಅಭ್ಯಾಸ ಇದ್ದವರಿಗೆ ಅಂತ ಸೇರಿಸಿಕೊಳ್ಳಿ.

ಬಿಟರ್‌ರೂಟ್_ಮೂಡಿಗೆರೆ

ಮಂಜು ಅವರೇ, ಅಭ್ಯಾಸ ಇದ್ದವರಿಗೆ ಅಂದರೆ ನನ್ನದೇನೂ ತಕರಾರಿಲ್ಲ. ಆದರೆ .300ರಿಂದ 180 ಗ್ರೇನ್ ಸುಮಾರು ಸೆಕೆಂಡಿಗೆ 2950 ಅಡಿ ವೇಗದಲ್ಲಿ ಹೊರಡುತ್ತದೆ. ಹತ್ತಿರದ ಏಟಿಗೆ ಇನ್ನೂ ಗಟ್ಟಿ ಗುಂಡು ಬೇಕಾಗುತ್ತದೆ. "ಯಾವುದಾದರೂ 180" ಅನ್ನುವುದು .300ಗೆ .30-06ಗಿಂತಲೂ ಅಪಾಯ.

ಕಾಫಿಹೂ ಅವರೇ, ತಾಮ್ರ ಸುಮ್ಮನೆ ತೂರಿ ಹೋಗುತ್ತದೆ ಅನ್ನುವ ಮಾತು ಹುಟ್ಟಿದ್ದು 1989ರಲ್ಲಿ ಬಾರ್ನ್ಸ್ ಎಕ್ಸ್ ಗುಂಡು ಬಂದ ಕಾಲದಲ್ಲಿ. ಆ ಮೊದಲಿನ ಗುಂಡುಗಳಲ್ಲಿ ಕೆಲವು ಸರಿಯಾಗಿ ಬಿಚ್ಚಿಕೊಳ್ಳುತ್ತಿರಲಿಲ್ಲ, ನಳಿಗೆಗೆ ತಾಮ್ರವನ್ನೂ ಮೆತ್ತುತ್ತಿದ್ದವು. ಆಮೇಲೆ ಮೈಮೇಲೆ ಗೀರು ಕೊರೆದರು, ಮೂತಿಗೆ ಪ್ಲಾಸ್ಟಿಕ್ ತುದಿ ಇಟ್ಟರು. ಈಗಿನದು ಬೇರೆಯೇ. ಎರಡೂ ಕಡೆ ತೂತು ಬೀಳುವುದು ನಿಜ. ನನಗೆ ಅದು ಬೇಕಾದದ್ದೇ. ಎರಡನೇ ತೂತಿನಿಂದ ರಕ್ತ ಚೆನ್ನಾಗಿ ಸುರಿಯುತ್ತದೆ, ಹಿಮದ ಮೇಲೆ ಜಾಡು ಸಿಗುತ್ತದೆ. ಶ್ವಾಸಕೋಶಕ್ಕೆ ಏಟು ಬಿದ್ದ ಎಲ್ಕ್, ಯಾವ ಗುಂಡಾದರೂ, 50, 100 ಗಜ ಹೋಗಬಹುದು. ಅಲ್ಲೇ ಬೀಳಬೇಕು ಅಂತ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಇನ್ನು ಮಾಡಬೇಕಾದ ಕೆಲಸ. ತಾಮ್ರದ್ದೇ ಎರಡು ಬೇರೆ ಕಂಪನಿಯ ಒಂದೊಂದು ಡಬ್ಬಿ ತನ್ನಿ. ಹೊಡೆಯುವ ಮೊದಲು ನಳಿಗೆಯನ್ನು ತಾಮ್ರ ತೆಗೆಯುವ ದ್ರಾವಣ ಹಾಕಿ ಪೂರ್ತಿ ಉಜ್ಜಿ. ಸೆಕೆಂಡ್‌ಹ್ಯಾಂಡ್ ರೈಫಲ್ ಅಂದಿರಲ್ಲ, ಹಿಂದಿನವರು ಹೊಡೆದದ್ದೆಲ್ಲ ಒಳಗೇ ಮೆತ್ತಿಕೊಂಡಿರುತ್ತದೆ. ಎರಡರಲ್ಲಿ ಯಾವುದು ನಿಮ್ಮ ನಳಿಗೆಗೆ ಹೊಂದುತ್ತದೆ ಅಂತ ಹೊಡೆದೇ ನೋಡಬೇಕು, ಓದಿ ತಿಳಿಯುವುದಿಲ್ಲ. 100 ಗಜದಲ್ಲಿ ಮೂರು ಏಟು ಒಂದೂವರೆ ಇಂಚಿನೊಳಗೆ ಬಿದ್ದರೆ ಎಲ್ಕ್‌ಗೆ ಧಾರಾಳ ಸಾಕು. ಅರ್ಧ ಇಂಚಿನ ಹಿಂದೆ ಬಿದ್ದು ಅಕ್ಟೋಬರ್ ಕಳೆಯಬೇಡಿ. ನಡುವೆ ನಳಿಗೆ ತಣ್ಣಗಾಗಲು ಬಿಡಿ. ಕಾಡಿನಲ್ಲಿ ಮೊದಲ ಏಟು ಯಾವಾಗಲೂ ತಣ್ಣನೆಯ ನಳಿಗೆಯಿಂದಲೇ.

ಆಯ್ಕೆ ಆದ ಮೇಲೆ ಅದೇ ಗುಂಡಿನಲ್ಲಿ 200 ಗಜಕ್ಕೆ ಸ್ಕೋಪ್ ಹೊಂದಿಸಿ. ಆಗ 300 ಗಜದಲ್ಲಿ ಸುಮಾರು 8 ಇಂಚು ಕೆಳಗೆ ಬೀಳುತ್ತದೆ. ಗಂಟೆಗೆ 10 ಮೈಲಿಯ ಅಡ್ಡಗಾಳಿ ಇದ್ದರೆ ಅಷ್ಟೇ ದೂರದಲ್ಲಿ 6, 7 ಇಂಚು ಪಕ್ಕಕ್ಕೆ ತಳ್ಳುತ್ತದೆ. ಆ ಎರಡು ಸಂಖ್ಯೆ ನೋಡಿದರೆ ಮೊದಲ ವರ್ಷಕ್ಕೆ 250 ಗಜದಲ್ಲಿ ನಿಲ್ಲಿಸುವುದು ವಾಸಿ ಅಂತ ನಿಮಗೇ ಅನ್ನಿಸುತ್ತದೆ. ರೇಂಜ್‌ನಲ್ಲಿ ಬೆಂಚ್ ಮೇಲೆ ಕೂತು ಹೊಡೆದದ್ದು ಸ್ಕೋಪ್ ಹೊಂದಿಸಲು ಮಾತ್ರ. ಉಳಿದ ಅಭ್ಯಾಸವೆಲ್ಲ ಮಂಡಿಯೂರಿ, ಬೆನ್ನುಚೀಲದ ಮೇಲೆ ರೈಫಲ್ ಇಟ್ಟು, ಕೋಲು ಊರಿ, ದಿಬ್ಬ ಹತ್ತಿ ಏದುಸಿರು ಬಿಡುತ್ತಾ ಆಗಲಿ. ಅದಕ್ಕೆ ಆ ಅಗ್ಗದ ಗುಂಡುಗಳನ್ನು ಖರ್ಚು ಮಾಡಿ. ಆದರೆ ಅವು ತಾಮ್ರದ ಗುಂಡು ಬೀಳುವ ಜಾಗಕ್ಕೇ ಬೀಳುವುದಿಲ್ಲ, ಅವುಗಳಿಗಾಗಿ ಸ್ಕೋಪ್ ಮುಟ್ಟಬೇಡಿ. ಕಾಡಿಗೆ ಹೊರಡುವ ಮುಂಚೆ ಡಬ್ಬಿ, ಜೇಬು, ಮ್ಯಾಗಜೀನ್ ಎಲ್ಲ ತಪಾಸಣೆ ಮಾಡಿ. ಒಂದೇ ಒಂದು ಪೂರ್ತಿ ಕವಚದ ಗುಂಡೂ ಜೊತೆಗೆ ಬರಬಾರದು.

ಹೊಡೆದ ಕೂಡಲೇ ಬೋಲ್ಟ್ ಎಳೆದು ಮುಂದಿನದ್ದನ್ನು ತುಂಬಿ. ಎಲ್ಕ್ ಏಟು ತಿಂದರೂ ಏನೂ ಆಗದ ಹಾಗೆ ನಿಲ್ಲುತ್ತದೆ. ನಿಂತಿದ್ದರೆ, ಹಿಂದೆ ಬೇರೆ ಎಲ್ಕ್ ಇಲ್ಲದಿದ್ದರೆ, ಮತ್ತೆ ಹೊಡೆಯಿರಿ. ಮಾಂಸ ಹಾಳಾಗುತ್ತದೆ ಅಂತ ತಡೆಯಬೇಡಿ. ಅದು ಓಡಿದರೆ ನಿಂತಿದ್ದ ಜಾಗವನ್ನು ಗುರುತು ಮಾಡಿಕೊಂಡು ಅಲ್ಲಿಗೆ ಹೋಗಿ ರಕ್ತ ನೋಡಿ. ತಿಳಿಗೆಂಪು, ನೊರೆ ನೊರೆ ಇದ್ದರೆ ಶ್ವಾಸಕೋಶ, ಅರ್ಧ ಗಂಟೆ ಕಾದು ಹಿಂಬಾಲಿಸಿ. ಕಪ್ಪು ಕೆಂಪಾದರೆ ಪಿತ್ತಜನಕಾಂಗ ಇರಬಹುದು, ಇನ್ನೂ ಜಾಸ್ತಿ ಹೊತ್ತು ಬಿಡಿ. ಹಸಿರು ಹುಲ್ಲಿನ ಚೂರು, ಕೆಟ್ಟ ವಾಸನೆ ಬಂದರೆ ಹೊಟ್ಟೆ. ಆಗ ಗಂಟೆಗಟ್ಟಲೆ ಕಾಯಬೇಕು, ಆತುರಪಟ್ಟು ಎಬ್ಬಿಸಿದರೆ ಮುಂದಿನ ಬೆಟ್ಟ ಸೇರುತ್ತದೆ. ಹಿಮ ಜೋರಾಗಿ ಬೀಳುತ್ತಿದ್ದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ, ಜಾಡು ಮುಚ್ಚಿಹೋಗುವ ಮೊದಲು ನಿಧಾನವಾಗಿ ಹಿಂದೆ ಹೋಗಬೇಕು.

ಒಂದು ಕಾನೂನು ವಿಷಯ, ಹೊಸಬರಿಗೆ ಮರೆತುಹೋಗುತ್ತದೆ. ಕೊಲರಾಡೋದಲ್ಲಿ ಪ್ರಾಣಿಯ ಲಿಂಗ ತೋರಿಸುವ ಭಾಗ ಮಾಂಸದ ತುಂಡಿಗೆ ಸಹಜವಾಗಿ ಅಂಟಿಕೊಂಡೇ ಇರಬೇಕು. ನಿಮ್ಮದು ಹೆಣ್ಣಿನ ಟ್ಯಾಗ್, ಹಾಗಾಗಿ ಕಡಿಯುವಾಗ ಒಂದು ತೊಡೆಯಲ್ಲಿ ಅದನ್ನು ಬಿಟ್ಟುಕೊಳ್ಳಿ.

ಕಾಫಿಹೂ_ಅರೋರಾ

ಸರ್, ಪೂರ್ತಿ ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ. ಶನಿವಾರ ಬಾರ್ನ್ಸ್ 168 ಮತ್ತು ಹಾರ್ನಡಿಯ ಸೀಸ ಇಲ್ಲದ್ದು ಒಂದೊಂದು ಡಬ್ಬಿ ತರುತ್ತೇನೆ. ಹೊಂದುವ ಗುಂಡು ಸಿಕ್ಕ ಮೇಲೆ ಎಷ್ಟು ಡಬ್ಬಿ ತೆಗೆದಿಡಲಿ?

ಬಿಟರ್‌ರೂಟ್_ಮೂಡಿಗೆರೆ

ಮೂರು ಸಾಕು. ಡಬ್ಬಿಯ ಮೇಲೆ ಲಾಟ್ ನಂಬರ್ ಇರುತ್ತದೆ, ಮೂರರಲ್ಲೂ ಅದು ಒಂದೇ ಇರಲಿ. ಲಾಟ್ ಬದಲಾದರೆ ಗುಂಡು ಬೀಳುವ ಜಾಗವೂ ಸ್ವಲ್ಪ ಬದಲಾಗಬಹುದು. ಮೀಕರ್ ತಲುಪಿದ ದಿನ ಒಂದೆರಡು ಏಟು ಹೊಡೆದು ಸ್ಕೋಪ್ ಅಲುಗಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಕಾರಿನಲ್ಲಿ ಅಷ್ಟು ದೂರ ಕುಲುಕಿರುತ್ತದೆ.